ಏಳನೆಯ ಕೊಳವೆಯ ಒಂಬತ್ತು ದಿನ

ದೊಡ್ಡವರು ಬರೆಯಬೇಕಾದ ಈ ಅಭಿನಂದನಾ ಸಂಪುಟದಲ್ಲಿ ಪ್ರಯೋಗಾಲಯದ ಸಹಾಯಕಿಯೊಬ್ಬಳು, ಅದೂ ಸಂಜೆ ತರಗತಿಯಲ್ಲಿ ಓದಿದವಳು, ಲೇಖನಿ ಹಿಡಿದದ್ದಕ್ಕೆ ಓದುಗರು ಮನ್ನಿಸಬೇಕು. ಒದ್ದೆ ಮಣ್ಣಿನ ಮೇಲೆ ನೀರು ಅಂಟದ ತೆಳು ಪದರವಿದ್ದರೆ ನೀರು ಆವಿಯಾಗುವುದು ಎಷ್ಟು ತಗ್ಗುತ್ತದೆ ಎಂಬ ಒಂದೇ ಪ್ರಶ್ನೆಗೆ ಮೂವತ್ತೆರಡು ವರ್ಷ ಸವೆಸಿದ ನಮ್ಮ ಮೇಷ್ಟ್ರ ಹಿರಿಮೆಯನ್ನು ಬಲ್ಲವರು ಬೇರೆ ಪುಟಗಳಲ್ಲಿ ಹೇಳಿದ್ದಾರೆ. ನನಗೆ ಗೊತ್ತಿರುವುದು ಅವರ ಬೆಳಗಿನ ಹತ್ತು ಗಂಟೆ ಮಾತ್ರ.

ಆ ಹೊತ್ತಿಗೆ ಸರಿಯಾಗಿ ಹನ್ನೆರಡು ಗಾಜಿನ ಕೊಳವೆಗಳನ್ನು ತೂಗಬೇಕಿತ್ತು. ಕೆಳಗೆ ಒದ್ದೆ ಮರಳು, ಮೇಲೆ ಎರಡು ಬೆರಳು ದಪ್ಪಕ್ಕೆ ಮೇಣ ಸವರಿದ ಮರಳು. ಆ ಪದರವನ್ನು ನೀರು ಹತ್ತಲಾರದು. ಆವಿಯಾಗಿ ಮಾತ್ರ ಮೆಲ್ಲಗೆ ನುಸುಳುತ್ತದೆ. ಕೊಳವೆಯೊಂದರ ತೂಕ ದಿನಕ್ಕೆ ಎರಡು ಗ್ರಾಂ ಇಳಿಯುತ್ತಿತ್ತು.

"ಮಗಳ ಮದುವೆ ದಿನಾನೂ ಹತ್ತು ಗಂಟೆಗೆ ಮರಳು ತೂಗೇ ಹೋದ ಮಹಾರಾಯ್ರು ಇವ್ರು!" ಎಂದು ಉಗ್ರಾಣದವರು ನಗುತ್ತಿದ್ದರು.

ನಾನು ಸೇರಿದ ವರ್ಷ, ಏಳನೆಯ ಕೊಳವೆ ಒಂದೇ ದಿನ ಹನ್ನೊಂದು ಗ್ರಾಂ ಇಳಿಯಿತು. ಮೂರು ಸಲ ತೂಗಿದೆ, ಅಷ್ಟೇ ಬಂತು. ತಪ್ಪು ನನ್ನದೇ ಇರಬೇಕೆಂದು ಹೆದರಿ, ಎಂದಿನಂತೆ ಎರಡು ಎಂದೇ ಬರೆದೆ. ಮರುದಿನವೂ ತೂಕ ಹೆಚ್ಚೇ ಇಳಿದಿತ್ತು, ನಾನು ಎರಡೆಂದೇ ಬರೆದೆ. ಹೀಗೆ ಒಂಬತ್ತು ದಿನ. ಊಟ ಸೇರದಾಯಿತು. ಹತ್ತನೆಯ ದಿನ, ಕೆಲಸ ಹೋದರೆ ಹೋಗಲಿ ಎಂದು ಅವರ ಮೇಜಿನ ಮುಂದೆ ನಿಂತು ಹೇಳಿಬಿಟ್ಟೆ.

ಮೇಷ್ಟ್ರು ಕನ್ನಡಕ ತೆಗೆದರು. "ನೋಡಿದ ತೂಕ ಎಲ್ಲಾದ್ರೂ ಬರ್ಕೊಂಡಿದ್ಯಾ?"

"ಇಲ್ಲ ಸರ್."

"ಅಯ್ಯೋ ಹುಚ್ಚು ಹುಡುಗಿ! ನಿನ್ನ ಕಣ್ಣು ಸರಿಯಾಗೇ ನೋಡಿತ್ತಲ್ಲಮ್ಮ. ನೀನೇ ನಂಬಲಿಲ್ಲ."

ಮೇಣದ ಪದರದಲ್ಲಿ ನೀರು ಎಲ್ಲೋ ದಾರಿ ಮಾಡಿಕೊಂಡಿತ್ತು. ಒಟ್ಟು ಎಷ್ಟು ಹೋಯಿತೆಂದು ತಕ್ಕಡಿ ಹೇಳಿತು. ಯಾವ ದಿನ ಎಷ್ಟೆಂದು ಹೇಳಲಿಲ್ಲ. ವರದಿಯಲ್ಲಿ ಅವರು, ಒಂಬತ್ತು ದಿನದ ಅಳತೆ ತಮ್ಮ ಅಜಾಗರೂಕತೆಯಿಂದ ನಷ್ಟವಾಯಿತೆಂದು ಬರೆದರು. ಮರುದಿನ ಹತ್ತು ಗಂಟೆಗೆ ತೂಕದ ಪುಸ್ತಕವನ್ನು ನನ್ನ ಕೈಗೇ ಕೊಟ್ಟರು.

ಆಮೇಲೆ ಪ್ರತಿ ವರ್ಷವೂ ಆ ಕೊಳವೆಯನ್ನು ಹೊಸದಾಗಿ ತುಂಬಿಸಿದೆವು. ಅದೇ ಮರಳು, ಅದೇ ಮೇಣ. ಆ ಹನ್ನೊಂದಕ್ಕಾಗಿ ನಾನು ಹಂಬಲಿಸಿ ತಕ್ಕಡಿ ನೋಡುವಾಗ ಪಕ್ಕದಲ್ಲಿ ಅವರೂ ಉಸಿರು ಬಿಗಿಹಿಡಿದಿರುತ್ತಿದ್ದರು.

"ಎರಡೇ, ಸರ್."

"ಎರಡು ಅಂದ್ರೆ ಎರಡು. ಬರಿ."

ಅವರು ನಿವೃತ್ತರಾದ ಮೇಲೆ ಈಗ ಆ ಹೊತ್ತಿಗೆ ಪಕ್ಕದ ಜಾಗ ಖಾಲಿ. ಹತ್ತು ಹೊಡೆದರೆ ಬಾಗಿಲ ಕಡೆ ನೋಡುವ ಅಭ್ಯಾಸ ಇನ್ನೂ ಹೋಗಿಲ್ಲ. ಮೇಷ್ಟ್ರು ಆರೋಗ್ಯದಿಂದ ನೂರು ಕಾಲ ಬಾಳಲಿ, ಮನೆಯಲ್ಲಿಯೂ ಅವರ ಬರವಣಿಗೆ ಸಾಗಲಿ, ಮನಸ್ಸಾದಾಗಲೆಲ್ಲ ಇತ್ತ ಬರಲಿ. ಈ ವರ್ಷವೂ ಏಳನೆಯ ಕೊಳವೆಯನ್ನು ತುಂಬಿಸಿಟ್ಟಿದ್ದೇನೆ. ಅಂದು ಆ ನೀರು ಹೇಗೆ ಮೇಲೆ ಬಂತೆಂಬುದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.