ಓಬಮ್ಮನ ರಸ್ತೆ ಕಡೆಯ ಗೋಡೆ

ಯಲ್ಲದಕೆರೆಯ ಓಬಮ್ಮ ಮದುವೆಗೆ ಮುಂಚೆ ತಾಯಿಯ ಜೊತೆ ಊರೂರು ತಿರುಗಿ ಸುಣ್ಣ ಬಳಿದವಳು. ಕಂಡವರ ಗೋಡೆಗಳೆಲ್ಲ ಬೆಳ್ಳಗಾದವು. ತಾಯಿ ಮಗಳದ್ದೋ ಸೋಗೆ ಗುಡಿಸಲು, ಬಳಿಯಲು ಗೋಡೆಯೇ ಇರಲಿಲ್ಲ. ಹಾಗಾಗಿ ಗಂಡನ ಮನೆಯಲ್ಲಿ ಇಟ್ಟಿಗೆ ಗೋಡೆ ಎದ್ದ ಮೇಲೆ ಅದಕ್ಕೆ ಯಾರಾದರೂ ಕಾಲು ಊರಿ ಒರಗಿದರೂ ಅವಳ ಕಣ್ಣು ಕೆಂಪಾಗುತ್ತಿತ್ತು.

ಕಳೆದ ಮಳೆಗಾಲದಲ್ಲಿ ಆ ಗೋಡೆಯೇ ಕೈಕೊಟ್ಟಿತು. ರಸ್ತೆ ಕಡೆಯ ಒರಟು ಗಾರೆ ನೀರು ಕುಡಿದು, ಮಗಳು ಶಾಂತಿ ಬಾಣಂತನಕ್ಕೆ ಮಲಗಿದ್ದ ಕೋಣೆಯೆಲ್ಲ ಥಂಡಿ ಹಿಡಿಯಿತು. ಕೂಸಿಗೆ ಕೆಮ್ಮು ಹತ್ತಿ ಆಸ್ಪತ್ರೆ ಸೇರಿಸಬೇಕಾಯಿತು.

"ಬರೋ ಮಳೇಲಿ ಒಂದು ಹನಿನೂ ಒಳಗೆ ಬಿಡಾಕಿಲ್ಲ," ಎಂದು ಓಬಮ್ಮ ಹಲ್ಲು ಕಚ್ಚಿದಳು.

ಬೇಸಿಗೆ ಬಂದದ್ದೇ ತಂತಿ ಬ್ರಷ್ ಹಿಡಿದು ಪಾಚಿ ಉಜ್ಜಿದಳು. ಬಿರುಕು ಮುಚ್ಚಿದಳು. ಗೋಡೆ ಚೆನ್ನಾಗಿ ಒಣಗಿದ ಮೇಲೆ ಪ್ರೈಮರ್ ಹೊಡೆದು, ವಾಟರ್‌ಪ್ರೂಫ್ ಪೇಂಟ್ ಬಳಿಯತೊಡಗಿದಳು. ರೋಲರ್ ಹಾಯಿಸಿದರೆ ಗಾರೆಯ ಗುಳಿಗಳು ಹಾಗೇ ಉಳಿಯುತ್ತಿದ್ದವು. ಬ್ರಷ್ ಒತ್ತಿ ಒತ್ತಿ ತುಂಬಬೇಕು. ಅಂಗೈಯಲ್ಲಿ ಬೊಬ್ಬೆ ಎದ್ದವು. ಎರಡನೇ ಕೋಟ್ ಮುಗಿದಾಗ ತಿಳಿಹಳದಿ ಗೋಡೆ ಬಸ್ಸಿನಲ್ಲಿ ಹೋಗುವವರ ಕಣ್ಣಿಗೂ ಬೀಳುವಂತಿತ್ತು.

ಕಣ್ಣಿಗೆ ಬಿದ್ದದ್ದೇ ತಪ್ಪಾಯಿತು. ಒಂದು ಮದುವೆಗೆ ಹೋಗಿ ಬರುವಷ್ಟರಲ್ಲಿ ಗೋಡೆ ತುಂಬ ಕೆಂಪು, ನೀಲಿ ಅಕ್ಷರ. ಹಿರಿಯೂರಿನ ಯಾವುದೋ ಬೋರ್‌ವೆಲ್ ಏಜೆನ್ಸಿಯ ಜಾಹೀರಾತು. ಸಾಲು ನೆಟ್ಟಗೆ ಬರಲೆಂದು ಮೊಳೆ ಹೊಡೆದು ದಾರ ಕಟ್ಟಿ ಬರೆದಿದ್ದರು.

"ಹೋಗ್ಲಿ ಬಿಡೆ, ಅಕ್ಷರ ತಾನೆ," ಅಂದ ಗಂಡ ನಾಗಣ್ಣ.

"ಅಕ್ಷರ ಅಂತೀಯಾ? ಮೊಳೆ ಹೊಡ್ದವ್ರೆ ನೋಡು! ಆ ತೂತಿನಾಗೆ ಇಳಿಯೋ ನೀರು ನಿನ್ ಮೊಮ್ಮಗನ ಎದೆಗೇ ಇಳೀತೈತೆ!"

ಮರುದಿನ ಉಳಿದ ಪೇಂಟಿನ ಡಬ್ಬಿ, ಬ್ರಷ್ ಹಿಡಿದು ಹಿರಿಯೂರಿನ ಬಸ್ಸು ಹತ್ತಿದಳು. ಗೋಡೆ ಮೇಲಿದ್ದ ವಿಳಾಸವೇ ದಾರಿ ತೋರಿಸಿತು. ಏಜೆನ್ಸಿಯವರ ಹೊಸ ಕಟ್ಟಡಕ್ಕೆ ಕಡುನೀಲಿ ಬಣ್ಣ. ಯಾರನ್ನೂ ಮಾತಾಡಿಸದೆ ಬ್ರಷ್ ಅದ್ದಿ, ಆಳೆತ್ತರಕ್ಕೆ 'ಓಬಮ್ಮ' ಎಂದು ಬರೆಯತೊಡಗಿದಳು.

ಮಾಲೀಕ ಶಿವರಾಜ್ ಒಳಗಿಂದ ಓಡಿಬಂದ. "ಏಯ್, ಯಾರನ್ನ ಕೇಳಿ ಬರೀತಿದೀಯಮ್ಮ?"

"ನನ್ ಗೋಡೆ ಮ್ಯಾಲೆ ನೀವ್ ಯಾರನ್ನ ಕೇಳಿದ್ರಿ?"

ಅವನಿಗೆ ಈಗ ವಿಷಯ ಹೊಳೆಯಿತು. "ಕೆಲಸದವ್ರು ಬರೆದಿರ್ತಾರೆ. ನಂಗೇನ್ ಗೊತ್ತು?"

"ಗೋಡೆ ಮ್ಯಾಲಿರೋ ಫೋನ್ ನಂಬರ್ ಯಾರ್ದು, ಕೆಲಸದವ್ರದಾ?"

ಎದುರಿನ ಟೀ ಅಂಗಡಿಯಲ್ಲಿದ್ದವರು ಲೋಟ ಹಿಡಿದೇ ಎದ್ದು ಬಂದರು. ಪೊಲೀಸರನ್ನು ಕರೆಯುತ್ತೇನೆಂದು ಶಿವರಾಜ್ ಫೋನ್ ತೆಗೆದು ಹೆದರಿಸಿದ.

"ಕರೀರಿ! ಯಾರ ಗೋಡೆಗೆ ಯಾರು ಮೊದ್ಲು ಮೊಳೆ ಹೊಡೆದ್ರು ಅಂತ ಅವ್ರ ಮುಂದೇ ಹೇಳಾಣ," ಎಂದು ಓಬಮ್ಮ ಮೆಟ್ಟಿಲ ಮೇಲೆ ಕೂತೇಬಿಟ್ಟಳು.

ಜನ ಸೇರುತ್ತಲೇ ಹೋದರು. ಶಿವರಾಜ್ ಫೋನ್ ಜೇಬಿಗಿಟ್ಟುಕೊಂಡು, ಗೋಡೆ ಸರಿ ಮಾಡಿಸಿಕೊಡಲು ಒಪ್ಪಿದ.

ಎರಡು ದಿನ ಕಳೆದು ಅವನ ಕಡೆಯವರು ಯಲ್ಲದಕೆರೆಗೆ ಹೊಸ ಪೇಂಟ್ ತಂದರು. ಓಬಮ್ಮ ಪಕ್ಕದಲ್ಲೇ ನಿಂತು ಮೊಳೆಯ ತೂತುಗಳನ್ನು ಒಂದೊಂದಾಗಿ ಮುಚ್ಚಿಸಿದಳು. "ಒತ್ರಿ, ಇನ್ನೂ ಒತ್ರಿ," ಎಂದು ಸಂಜೆಯವರೆಗೆ ಬೈದು ಮಾಡಿಸಿದಳು.

ಮಳೆ ಜೋರಾಗಿಯೇ ಹಿಡಿಯಿತು. ಒಳಗೋಡೆ ಮುಟ್ಟಿದರೆ ಒಣಗಿತ್ತು. ಅದರ ಪಕ್ಕದ ತೊಟ್ಟಿಲಲ್ಲಿ, ಮತ್ತೆ ತವರಿಗೆ ಬಂದಿದ್ದ ಶಾಂತಿಯ ಕೂಸು ನಿದ್ದೆ ಹೋಗಿತ್ತು.

"ಈಗಾದ್ರೂ ಸಿಟ್ಟು ಇಳೀತಾ?" ಎಂದು ನಾಗಣ್ಣ ಮೆಲ್ಲಗೆ ಕೇಳಿದ.

"ಎಲ್ಲಿಂದ ಇಳೀತೈತೆ?" ಎಂದಳು ಓಬಮ್ಮ. "ತಪ್ಪಾಯ್ತು ಅಂತ ಒಂದು ಮಾತು ಅಂದನಾ ಅವ್ನು?"