ದೊಡ್ಡಕ್ಕ ಬೋರಲು ಮಲಗಿದ್ದು

ನಮ್ಮ ಐಸಿಯುನ ಹಿರಿಯ ನರ್ಸನ್ನು ಡಾಕ್ಟರುಗಳೂ ದೊಡ್ಡಕ್ಕ ಎಂದೇ ಕರೆಯುತ್ತಾರೆ. ಗಟ್ಟಿ ಗಂಟಲು, ಗುಂಡಗಿನ ಮೈ, ಮೂಗಿನ ತುದಿಯಲ್ಲೇ ಸಿಟ್ಟು. ಮನೆಯಲ್ಲಿ ಗಂಡ ಗೊರಕೆ ಹೊಡೆದರೆ ಅವರನ್ನೂ ಪೇಷಂಟಿನಂತೆ ಮಗ್ಗುಲಿಗೆ ಹೊರಳಿಸಿ, ಬೆನ್ನಿಗೆ ದಿಂಬು ಒತ್ತಿಟ್ಟು ಮಲಗುತ್ತಾರಂತೆ. ಅವರ ಕೈಕೆಳಗೆ ಕೆಲಸ ಕಲಿತ ನಾನು ತಿಂದ ಬೈಗುಳಕ್ಕೆ ಲೆಕ್ಕವಿಲ್ಲ.

ಅಂದು ಬಂದಿದ್ದವರು ಒಬ್ಬ ಬಸ್ ಡ್ರೈವರ್. ನ್ಯುಮೋನಿಯಾ ಜೋರಾಗಿ ಎರಡೂ ಶ್ವಾಸಕೋಶಗಳಲ್ಲಿ ನೀರು ತುಂಬಿಕೊಂಡಿತ್ತು. ಡಾಕ್ಟರುಗಳ ಬಾಯಲ್ಲಿ ಅದು ಎಆರ್‌ಡಿಎಸ್. ಗಂಟಲಿಗೆ ಟ್ಯೂಬ್ ಹಾಕಿ, ವೆಂಟಿಲೇಟರಿನಲ್ಲಿ ಆಕ್ಸಿಜನ್ ಪೂರ್ತಿ ಬಿಟ್ಟರೂ ರಕ್ತಕ್ಕೆ ಸೇರುತ್ತಿದ್ದದ್ದು ಅಷ್ಟಕ್ಕಷ್ಟೇ. ಬೋರಲು ಮಲಗಿಸದೆ ಬೇರೆ ದಾರಿಯಿಲ್ಲ ಎಂದರು ಡಾಕ್ಟರ್. ಕೇಳಿದ್ದೇ ತಡ, ಡ್ರೈವರ್ ಹೆಂಡತಿ ಮಂಚಕ್ಕೆ ಅಡ್ಡ ನಿಂತರು.

“ಬೇಡ ಸಿಸ್ಟರ್, ಆ ಹೊಟ್ಟೆ ಇಟ್ಕೊಂಡು ಅವರು ಯಾವತ್ತೂ ಬೋರಲು ಮಲಗಿದೋರಲ್ಲ. ಉಸಿರುಕಟ್ಟಿ ಹೋಗ್ಬಿಡ್ತಾರೆ!”

ದೊಡ್ಡಕ್ಕ ಗದರಲಿಲ್ಲ. ಚಪ್ಪಲಿ ಬಿಟ್ಟು, ಪಕ್ಕದ ಖಾಲಿ ಮಂಚ ಹತ್ತಿ, ಎದೆಯ ಕೆಳಗೊಂದು ಸೊಂಟದ ಕೆಳಗೊಂದು ದಿಂಬು ಸೇರಿಸಿ ಬೋರಲು ಮಲಗಿಯೇಬಿಟ್ಟರು. ಮಂಚ ಕಿರ್ರೆಂದಿತು.

“ನೋಡಮ್ಮಾ, ನನ್ನ ಹೊಟ್ಟೇನೂ ಕಮ್ಮಿ ಏನಿಲ್ಲ. ದಿಂಬುಗಳ ಮಧ್ಯೆ ಆರಾಮಾಗಿದೆ. ಅಂಗಾತ ಮಲಗಿದ್ರೆ ಬೆನ್ನಿನ ಕಡೆ ಶ್ವಾಸಕೋಶ ಅಮುಕಿ ಹೋಗಿರತ್ತೆ. ಹೀಗೆ ಮಲಗಿದ್ರೆ ಬಿಚ್ಕೊಂಡು ಗಾಳಿ ಆಡತ್ತೆ. ಬೆನ್ನ ಮೇಲೆ ಕೈ ಇಟ್ಟು ನೋಡಿ.”

ಆಕೆ ಕೈ ಇಟ್ಟರು. ಬೆನ್ನು ಏರಿಳಿಯುತ್ತಿತ್ತು. ಅಷ್ಟರಲ್ಲಿ ದೊಡ್ಡ ಡಾಕ್ಟರು ಒಳಬಂದು, “ಇವರನ್ಯಾವಾಗ ಅಡ್ಮಿಟ್ ಮಾಡಿದ್ರಿ?” ಎಂದು ಗಾಬರಿಯಾದರು. ಡ್ರೈವರ್ ಹೆಂಡತಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ದಾರಿ ಬಿಟ್ಟರು.

ಡ್ರೈವರ್ ತಲೆಯ ಹತ್ತಿರ ನಿಂತು ಡಾಕ್ಟರ್ ಟ್ಯೂಬನ್ನು ಭದ್ರವಾಗಿ ಹಿಡಿದರು. ನಾವೆಲ್ಲ ಅಕ್ಕಪಕ್ಕ ನಿಂತು, ಮಂಚದಿಂದಿಳಿದು ಬಂದ ದೊಡ್ಡಕ್ಕ ಹೂಂ ಎಂದೊಡನೆ ಒಂದೇ ಸಲಕ್ಕೆ ಹೊರಳಿಸಿದೆವು. ಮಾನಿಟರಿನಲ್ಲಿ ಆಕ್ಸಿಜನ್ ಅಂಕಿ ಮೊದಲು ಇಳಿಯಿತು. ಆಮೇಲೆ ನಿಧಾನವಾಗಿ ಏರತೊಡಗಿತು. ಹೆಂಡತಿ ಗಂಡನ ಬೆನ್ನ ಮೇಲಿಟ್ಟ ಕೈ ತೆಗೆಯಲೇ ಇಲ್ಲ.

ಮುಂದೆ ದಿನವೂ ಅದೇ ಕೆಲಸ. ಬೋರಲು, ಅಂಗಾತ, ಮತ್ತೆ ಬೋರಲು. ಹೊರಳಿಸಿ ಹೊರಳಿಸಿ ನಮ್ಮ ಸೊಂಟ ಬಿದ್ದುಹೋಯಿತು. ಟ್ಯೂಬ್ ತೆಗೆದ ದಿನ ಡ್ರೈವರ್ ತಾವೇ ಉಸಿರೆಳೆದುಕೊಂಡು ಹೆಂಡತಿಯ ಮೇಲೆ ರೇಗಿದರು. ಧ್ವನಿ ಪಿಸುಮಾತಿನಷ್ಟೇ ಇತ್ತು.

“ಕತ್ತು ಹಿಡ್ಕೊಂಡಿದೆ. ಯಾರೇ ನನ್ನ ಹಂಗೆ ಮಲಗಿಸಿದ್ದು? ನೀನು ನೋಡ್ಕೊಂಡು ಸುಮ್ನಿದ್ಯಾ?”

ಅಷ್ಟು ದಿನ ಅಳದಿದ್ದ ಆಕೆ ಅವರ ಕೈ ಹಿಡಿದು ಗಳಗಳನೆ ಅತ್ತರು.

“ಬೈಯ್ರಿ,” ಎಂದರು. “ಇನ್ನೂ ಸ್ವಲ್ಪ ಬೈಯ್ರಿ.”