ಬಾಗಿಲು ತೆರೆಯಲು ಇಳಿದ ವಿಜಯಮ್ಮ

ವಿಜಯಮ್ಮನವರು ಮೊದಲ ಸಲ ನಮ್ಮ ಮನೆಗೆ ಬಂದದ್ದು ತಮ್ಮ ಎಂಟನೆಯ ತರಗತಿಯ ಅಂಕಪಟ್ಟಿಯನ್ನು ಹಿಡಿದುಕೊಂಡು. ಅದು ೨೦೦೮ರ ಫೆಬ್ರವರಿ. ಹರಿಹರದ ಶಾಲೆಯೊಂದು ಕೊಟ್ಟಿದ್ದ ಆ ಕಾಗದದಲ್ಲಿ ಇದ್ದದ್ದೆಲ್ಲ ಕನ್ನಡ. ಬಾಡಿಗೆ ವಾಹನ ಓಡಿಸುವ ಲೈಸೆನ್ಸು ಬೇಕಾದರೆ ಎಂಟನೆಯ ತರಗತಿ ಪಾಸಾಗಿರಬೇಕೆಂಬ ನಿಯಮ ಹಿಂದಿನ ವರ್ಷವಷ್ಟೇ ಬಂದಿತ್ತು. ಸಾರಿಗೆ ಕಚೇರಿಯ ಗುಮಾಸ್ತರು ಅಂಕಪಟ್ಟಿಯನ್ನು ಮೇಲೆ ಕೆಳಗೆ ತಿರುಗಿಸಿ ನೋಡಿ, ಓದಬಲ್ಲವರ ಹತ್ತಿರ ಹಿಂದಿಗೆ ಬರೆಸಿಕೊಂಡು ಬನ್ನಿ ಎಂದರಂತೆ. ರಾಜಧಾನಿಯ ಈ ಜನಕಪುರಿಯಲ್ಲಿ ಕನ್ನಡ ಮೇಷ್ಟ್ರು ಎಂದರೆ ಆಗ ನಾನೊಬ್ಬನೇ. ನಿವೃತ್ತನಾಗಿ ನಾಲ್ಕು ವರ್ಷವಾಗಿದ್ದರೂ ಜನ ಮರೆತಿರಲಿಲ್ಲ.

ಬರೆಯುತ್ತ ಕುಳಿತಾಗ ಅಂಕಗಳ ಮೇಲೆ ಕಣ್ಣು ಹೋಯಿತು. ಗಣಿತದಲ್ಲಿ ಮೂವತ್ತೈದು, ಹೊಲಿಗೆಯಲ್ಲಿ ತೊಂಬತ್ತು. ಅವರು ನಾಚಿಕೊಂಡು, ಹೊಲಿಗೆ ಟೀಚರು ತಮ್ಮ ಚಿಕ್ಕಮ್ಮನೇ ಎಂದು ತಾವಾಗಿಯೇ ಒಪ್ಪಿಕೊಂಡರು.

ಅವರಿಗೆ ಆಗ ಮೂವತ್ತೊಂಬತ್ತು ವರ್ಷ. ಗಂಡ ದೇವೇಂದ್ರಪ್ಪನವರು ಸಚಿವಾಲಯವೊಂದರಲ್ಲಿ ಸಾಹೇಬರ ಕಾರಿನ ಚಾಲಕರು; ಇಪ್ಪತ್ತೆರಡು ವರ್ಷ ಒಂದು ಗೀರೂ ಬೀಳಿಸದೆ ಓಡಿಸಿದವರು. ತಾವೇ ಓಡಿಸಿ ಹಳತು ಮಾಡಿದ ಬಿಳಿಯ ಅಂಬಾಸಿಡರನ್ನು ಸರ್ಕಾರ ಹರಾಜಿಗೆ ಇಟ್ಟಾಗ, ಪರರ ಪಾಲಾಗಬಾರದೆಂದು ತಾವೇ ಕೊಂಡು ತಂದಿದ್ದರು. ಅದರಲ್ಲಿಯೇ ಹೆಂಡತಿಗೆ ವಾಹನ ಚಾಲನೆ ಕಲಿಸಿದ್ದರು. ಕಲಿಸುವಾಗ ಅವರು ಕುಳಿತುಕೊಳ್ಳುತ್ತಿದ್ದದ್ದು ಹಿಂದಿನ ಸೀಟಿನ ಎಡಮೂಲೆಯಲ್ಲಿ, ಅಂದರೆ ಸಾಹೇಬರ ಜಾಗದಲ್ಲಿ. ಅಲ್ಲಿಂದಲೇ ಪಾಠ. ಹಾರ್ನು ಹೊಡೆಯಬಾರದು, ಕುಲುಕಬಾರದು, ಕಾರು ನಿಂತ ಕೂಡಲೇ ಚಕ್ಕನೆ ಇಳಿದು, ಸುತ್ತಿಕೊಂಡು ಬಂದು, ಎಡಬಾಗಿಲು ತೆರೆದು ನಿಲ್ಲಬೇಕು. ಬಾಗಿಲು ತೆರೆಯುವುದು ಒಂದು ಕ್ಷಣ ತಡವಾದರೂ ಅವರು ಇಳಿಯುತ್ತಲೇ ಇರಲಿಲ್ಲವಂತೆ.

ವಿಜಯಮ್ಮನವರಿಗೆ ಚಾಲನೆಯೆಂದರೆ ಪ್ರಾಣ. ಸ್ವಂತ ಕಾರಿನ ಲೈಸೆನ್ಸು ಸಿಕ್ಕಿ ಮೂರು ವರ್ಷವಾಗಿತ್ತು. ನಮ್ಮ ಬಡಾವಣೆಯಲ್ಲಿ ಉದ್ಯೋಗಸ್ಥ ಹೆಣ್ಣುಮಕ್ಕಳ ಹಾಸ್ಟೆಲೊಂದಿತ್ತು. ಅಲ್ಲಿಯ ಆರು ಜನ ಹುಡುಗಿಯರು ದಿನವೂ ಮಾನೇಸರಿನ ಕಾರ್ಖಾನೆಯೊಂದರ ಆಫೀಸಿಗೆ ಹೋಗಿಬರುತ್ತಿದ್ದರು. ವಾರ್ಡನ್ ಮನೋರಮಾ ಈ ಹುಡುಗಿಯರಿಗಾಗಿ ಹೊಸ ವ್ಯಾನು ತರಿಸಿ, ಪರ್ಮಿಟ್ಟು ಮಾಡಿಸಿ, ಹೆಂಗಸೊಬ್ಬರೇ ಓಡಿಸಲಿ ಎಂದು ಆಸೆಪಟ್ಟಿದ್ದರು. ವಿಜಯಮ್ಮ ಒಪ್ಪಿದ್ದರು. ಅವರಿಗೆ ಬೇಕಾದದ್ದು ಬಾಡಿಗೆ ವಾಹನದ ಲೈಸೆನ್ಸು ಮತ್ತು ಬ್ಯಾಡ್ಜು, ಅದೂ ಏಪ್ರಿಲ್ ಒಂದರೊಳಗೆ.

ವೈದ್ಯರ ಪತ್ರ, ಡ್ರೈವಿಂಗ್ ಶಾಲೆಯ ಪತ್ರ, ಪೊಲೀಸರ ವಿಚಾರಣೆ ಎಲ್ಲವೂ ಮುಗಿದವು. ತಿಲಕ್ ನಗರದ ದರ್ಜಿಯೊಬ್ಬ ತಲೆ ಕೆರೆದುಕೊಳ್ಳುತ್ತಲೇ ಖಾಕಿ ಸಲ್ವಾರ್ ಕಮೀಜು ಹೊಲಿದುಕೊಟ್ಟ. ಮಾರ್ಚ್ ಹತ್ತಕ್ಕೆ ಪರೀಕ್ಷೆ. ಅಂದು ಸಂಜೆ ಅವರು ನಮ್ಮ ಮನೆಗೆ ಬಂದಾಗ ಮುಖ ಚಿಕ್ಕದಾಗಿತ್ತು.

“ಫೇಲ್ ಆದೆ ಮೇಷ್ಟ್ರೇ,” ಎಂದರು. “ಅದೂ ಚೆನ್ನಾಗಿ ಓಡಿಸಿ ಫೇಲ್ ಆದೆ.”

ನಡೆದದ್ದು ಇಷ್ಟು. ಇನ್‌ಸ್ಪೆಕ್ಟರ್ ಚಂದ್ರಮೋಹನ್ ಎಂಬವರು ಫೈಲು ಹಿಡಿದು ಅಂಬಾಸಿಡರಿನಲ್ಲಿ ಅವರ ಪಕ್ಕಕ್ಕೆ ಕುಳಿತರು. ತಿರುವು, ಇಳಿಜಾರು, ಹಿಂದಕ್ಕೆ ಓಡಿಸುವುದು ಎಲ್ಲವೂ ಹೂವೆತ್ತಿದ ಹಾಗೆ ಆಯಿತು. ಕೊನೆಗೆ ನಿಲ್ಲಿಸಿ ಎಂದರು. ಡ್ರೈವಿಂಗ್ ಶಾಲೆಯಲ್ಲಿ ಕಲಿಸಿದ ಯುವಕರಿಗೆ ಬಾಗಿಲು ತೆರೆಯಬೇಕೆಂದು ವಿಜಯಮ್ಮನವರಿಗೆ ಎಂದೂ ತೋಚಿರಲಿಲ್ಲ. ಆದರೆ ಇವರು ಸರ್ಕಾರದ ಸಾಹೇಬರು, ಕೈಯಲ್ಲಿ ಫೈಲು ಬೇರೆ. ಎಂಜಿನ್ನು ಓಡುತ್ತಿದ್ದಂತೆಯೇ, ಹ್ಯಾಂಡ್‌ಬ್ರೇಕು ಎಳೆಯದೆಯೇ, ಅವರು ಚಕ್ಕನೆ ಇಳಿದು ಸುತ್ತಿಕೊಂಡು ಬಾಗಿಲಿಗೆ ಓಡಿದರು. ಅಷ್ಟರಲ್ಲಿ ಅಂಬಾಸಿಡರು ಸಾಹೇಬರನ್ನು ಕೂರಿಸಿಕೊಂಡು ತಾನಾಗಿಯೇ ನಾಲ್ಕು ಮಾರು ಮುಂದೆ ಹೋಗಿ ಮರಳಿನ ಮೂಟೆಗೆ ತಾಗಿ ನಿಂತಿತು. ಇವರು ಅಲ್ಲಿಗೂ ಓಡಿ ಹೋಗಿ, ಬಾಗಿಲು ತೆರೆದು, ನಮಸ್ಕಾರ ಹೇಳಿದರಂತೆ.

ನನಗೆ ನಗು ತಡೆಯಲಾಗಲಿಲ್ಲ. ಸ್ವಲ್ಪ ಹೊತ್ತಿಗೆ ಅವರೂ ನಕ್ಕರು. ಆದರೆ ವಿಷಯ ನಗುವಂಥದ್ದಾಗಿರಲಿಲ್ಲ. ಮತ್ತೊಂದು ಪರೀಕ್ಷೆಗೆ ಏಳು ದಿನ ಕಾಯಬೇಕು; ಅದರಲ್ಲಿಯೂ ಹೋದರೆ ಚಾಲಕರನ್ನು ಒದಗಿಸುವ ಕಂಟ್ರಾಕ್ಟರು ಕಳುಹಿಸಿದ ಗಂಡಸನ್ನೇ ಇಟ್ಟುಕೊಳ್ಳುವುದಾಗಿ ಮನೋರಮಾ ಬೇಸರದಿಂದಲೇ ಹೇಳಿದ್ದರು.

ಹೀಗಾಗಿ ಆ ವಾರವೆಲ್ಲ ನಾನು ಇನ್‌ಸ್ಪೆಕ್ಟರನಾದೆ. ಹಳೆಯ ಕೋಟು ತೊಟ್ಟು, ಕಂಕುಳಲ್ಲಿ ಫೈಲು ಇಟ್ಟುಕೊಂಡು, ಬೆಳಗ್ಗೆ ಆರಕ್ಕೆ ಅವರ ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದೆ. ನಾನು ನಿಲ್ಲಿಸಿ ಎಂದ ಕೂಡಲೇ ಅವರ ಬಲಗೈ ಬಾಗಿಲಿಗೆ ಹಾರುತ್ತಿತ್ತು. ಗದರಿಸಿದರೆ ಕಣ್ಣು ಪಿಳುಕಿಸುತ್ತಿದ್ದರು. ಮರುಕ್ಷಣ ಮತ್ತೆ ಅದೇ. ಹಿಂದಿನ ಸೀಟಿನಲ್ಲಿ ದೇವೇಂದ್ರಪ್ಪನವರು ಮುನಿಸಿಕೊಂಡು ಕುಳಿತಿರುತ್ತಿದ್ದರು.

“ಅವಳ ತಪ್ಪೇನ್ರೀ ಮೇಷ್ಟ್ರೇ? ಮರ್ಯಾದೆ ಕಲಿತಿದ್ದೇ ತಪ್ಪಾ?” ಎಂದರು ಒಂದು ದಿನ.

“ಮರ್ಯಾದೆಗೆ ಬ್ರೇಕ್ ಇರಬೇಕಲ್ರೀ,” ಎಂದರು ವಿಜಯಮ್ಮ, ಹಿಂದಿರುಗಿ ನೋಡದೆಯೇ.

ಉಪಾಯ ಹೊಳೆದದ್ದು ಅವರ ಮಗಳು ಹರಿಣಿಗೆ. ಅವಳು ಹತ್ತನೆಯ ತರಗತಿ. ಕನ್ನಡ ಪೂರ್ತಿ ತಿಳಿಯುತ್ತದೆ, ಮಾತು ಮಾತ್ರ ಮಧ್ಯದಲ್ಲಿ ಹಿಂದಿಗೆ ಜಾರುತ್ತದೆ. “ಅಮ್ಮಾ, ನೀನು ಬೆಲ್ಟ್ ಮತ್ ಖೋಲ್ನಾ, ಬಸ್. ಅದೇ ನಿನ್ನ ಹಿಡ್ಕೊಳ್ಳತ್ತೆ,” ಎಂದಳು; ಬೆಲ್ಟು ಬಿಚ್ಚಬೇಡ, ಅಷ್ಟೇ ಸಾಕು ಎಂದು ಅವಳ ಅರ್ಥ. ಸರ್ಕಾರಿ ಕಾರಿನಲ್ಲಿ ಬೆಲ್ಟು ಬಿಗಿದರೆ ಚಟ್ಟನೆ ಇಳಿಯಲಾಗದೆಂದು ದೇವೇಂದ್ರಪ್ಪನವರು ಅದನ್ನು ಸೀಟಿನಡಿ ಮಡಚಿಟ್ಟಿದ್ದರು. ಹೊರತೆಗೆದು ಕಟ್ಟಿದೆವು. ಇಳಿಯಲು ಹೋದಾಗಲೆಲ್ಲ ಅದು ಎದೆಗೆ ಅಡ್ಡಬಂದು ನೆನಪಿಸಿತು. ಐದನೆಯ ದಿನದ ಹೊತ್ತಿಗೆ ಕೈ ಹಾರುವುದು ನಿಂತಿತು.

ಪರೀಕ್ಷೆಯ ದಿನ ನಾನೂ ದೇವೇಂದ್ರಪ್ಪನವರೂ ತಂತಿಬೇಲಿಯ ಹೊರಗೆ ನಿಂತೆವು. ಅದೇ ಚಂದ್ರಮೋಹನ್. ಕಾರಿಗೆ ಹತ್ತುವ ಮೊದಲು ಅವರು ಹ್ಯಾಂಡ್‌ಬ್ರೇಕನ್ನು ಬಗ್ಗಿ ನೋಡಿಕೊಂಡರು. ಕಾರು ಸುತ್ತಿತು, ಏರಿತು, ಹಿಂದಕ್ಕೆ ಬಂತು, ನಿಂತಿತು. ಎಂಜಿನ್ನಿನ ಸದ್ದು ಅಡಗಿತು. ವಿಜಯಮ್ಮ ಎರಡು ಕೈಗಳನ್ನೂ ಸ್ಟಿಯರಿಂಗಿನ ಮೇಲಿಟ್ಟುಕೊಂಡು ಶಿಲೆಯಂತೆ ಕುಳಿತಿದ್ದರು. ಸದ್ಯ, ಗೆದ್ದೆವು ಎಂದುಕೊಂಡೆ.

ಆದರೆ ಸಾಹೇಬರು ಇಳಿಯಲಿಲ್ಲ. ಅವರ ಭುಜ ಬಾಗಿಲಿಗೆ ಒಂದು ಸಲ ಬಡಿಯಿತು. ಇನ್ನೊಂದು ಸಲ ಬಡಿಯಿತು.

“ಅಯ್ಯೋ, ಆ ಕಡೆ ಹಿಡಿ ಒಳಗಿಂದ ಕೆಲಸ ಮಾಡಲ್ಲ,” ಎಂದು ದೇವೇಂದ್ರಪ್ಪ ಪಿಸುಗುಟ್ಟಿದರು. ವಾರವೆಲ್ಲ ನನಗೆ ಹೊರಗಿನಿಂದ ಬಾಗಿಲು ತೆರೆಯುತ್ತಿದ್ದವರು ಅವರೇ. ನಾನು ಅದನ್ನು ಗೌರವವೆಂದುಕೊಂಡಿದ್ದೆ. ಮರುಕ್ಷಣ ಅವರ ಕಾಲು ಬೇಲಿಯ ಸಂದಿನಲ್ಲಿ ಹೊರಟೇಬಿಟ್ಟಿತು. ಇಪ್ಪತ್ತೆರಡು ವರ್ಷದ ಅಭ್ಯಾಸ, ಸಾಹೇಬರು ಒಳಗೆ ಒದ್ದಾಡುವುದನ್ನು ಹೇಗೆ ನೋಡಿಯಾರು? ಹೊರಗಿನವರು ಒಳಗೆ ಬಂದರೆ ಪರೀಕ್ಷೆ ರದ್ದು ಎಂದು ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ನಾನು ಅವರ ಅಂಗಿಯ ಬೆನ್ನನ್ನು ಎರಡೂ ಕೈಯಿಂದ ಹಿಡಿದುಕೊಂಡೆ.

ಕಾರಿನೊಳಗೆ ನಡೆದದ್ದನ್ನು ವಿಜಯಮ್ಮ ಆಮೇಲೆ ಹೇಳಿದರು. ಮೂರನೆಯ ಸಲ ತಳ್ಳಿ ಸೋತ ಸಾಹೇಬರು ಇವರ ಕಡೆ ತಿರುಗಿದರು. ಇವರು ಬಹಳ ವಿನಯದಿಂದ ಹಿಂದಿಯಲ್ಲಿ ಕೇಳಿದರು:

“ಸರ್, ಇಳಿದು ಬಾಗಿಲು ತೆಗೀಬಹುದಾ? ನೀವು ಹೇಳಿದ್ರೆ ಮಾತ್ರ ಇಳೀತೀನಿ.”

ಸಾಹೇಬರು ಫೈಲು ಬಿಚ್ಚಿ, ಪೆನ್ನು ತೆಗೆದರು. “ಮೊದಲು ಪಾಸ್ ಅಂತ ಬರೀತೀನಿ ಮೇಡಂ. ಆಮೇಲೆ ತೆಗೀರಿ. ಆ ಹಿಡಿ ರಿಪೇರಿ ಮಾಡಿಸಿ.”

ಬೇಲಿಯ ಹೊರಗಿನಿಂದ ನಮಗೆ ಕಂಡದ್ದು ಇಷ್ಟೇ: ವಿಜಯಮ್ಮ ಬೆಲ್ಟು ಬಿಚ್ಚಿ, ನಿಧಾನವಾಗಿ ಸುತ್ತಿಕೊಂಡು ಬಂದು, ಬಾಗಿಲು ತೆರೆದರು, ಸಾಹೇಬರು ನಗುತ್ತ ಇಳಿದರು. ದೇವೇಂದ್ರಪ್ಪನವರ ಅಂಗಿಯ ಹೊಲಿಗೆ ನನ್ನ ಕೈಯಲ್ಲಿ ಬಿಟ್ಟುಹೋಗಿತ್ತು. ಅವರಿಗೆ ಅದು ಗೊತ್ತಾದದ್ದು ಮನೆಗೆ ಹೋದ ಮೇಲೆ.

ಏಪ್ರಿಲ್ ಒಂದರಂದು ವಿಜಯಮ್ಮ ಖಾಕಿ ತೊಟ್ಟು, ಬ್ಯಾಡ್ಜು ಧರಿಸಿ, ಆರು ಹುಡುಗಿಯರನ್ನು ಹತ್ತಿಸಿಕೊಂಡು ಹೊರಟರು. ದ್ವಾರಕಾದ ಸಿಗ್ನಲ್ಲಿನಲ್ಲಿ ವ್ಯಾನಿನ ಪಕ್ಕದಲ್ಲಿಯೇ ಒಂದು ಸರ್ಕಾರಿ ಕಾರು ಬಂದು ನಿಂತಿತು. ಮೀಟಿಂಗಿಗೆ ಹೊರಟ ಸಾಹೇಬರು ಹಿಂದೆ, ದೇವೇಂದ್ರಪ್ಪ ಮುಂದೆ. ಕೆಲಸದ ಹೊತ್ತಿನಲ್ಲಿ ಅವರು ಅಕ್ಕಪಕ್ಕ ನೋಡುವವರಲ್ಲ. ಬಡಾವಣೆಯಲ್ಲಿ ಅವರನ್ನು ನೋಡಿದ್ದ ಹುಡುಗಿಯರೇ ಗುರುತಿಸಿ, ಅಂಕಲ್ ಅಂಕಲ್ ಎಂದು ಆರೂ ಜನ ಕೈಬೀಸಿದರು. ಸಾಹೇಬರು ಪೇಪರು ಇಳಿಸಿ, ವ್ಯಾನು ಓಡಿಸುತ್ತಿರುವ ಹೆಂಗಸು ಯಾರು ಎಂದು ಕೇಳಿದರಂತೆ.

“ನನ್ನ ಹೆಂಡತಿ ಸರ್,” ಎಂದರಂತೆ ದೇವೇಂದ್ರಪ್ಪ. “ಇವತ್ತಿನಿಂದ ಅವಳೂ ಡ್ಯೂಟಿ ಮೇಲೆ.”

ದೀಪ ಹಸಿರಾಯಿತು. ವಿಜಯಮ್ಮ ಗೇರು ಹಾಕಿ ಮುಂದೆ ಹೋದರು. ಮಾನೇಸರ್ ಇನ್ನೂ ದೂರವಿತ್ತು, ಹುಡುಗಿಯರು ಒಂಬತ್ತಕ್ಕೆ ಆಫೀಸಿನಲ್ಲಿರಬೇಕಾಗಿತ್ತು.